ಸಭಾಪಾಲಕರ ಮಾತಿಗೆ ಎಷ್ಟು ತಲೆಬಾಗಬೇಕು?

ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್, ಆರಾಧನೆಯ ಹೊತ್ತು ಬದಲಿಸಿದರೆ ಗೊಣಗದೆ ಒಪ್ಪಿಕೊಳ್ಳಿ. ಬೈಬಲಿನ ಇಬ್ರಿಯ 13:17 ಕೇಳುವುದು ಇಂಥ ವಿಧೇಯತೆಯನ್ನೇ. ಆದರೆ "ಕರ್ತನು ನನಗೆ ತಿಳಿಸಿದ್ದಾನೆ, ನಿಮ್ಮ ಮಗಳನ್ನು ಇಂಥವರಿಗೇ ಕೊಡಿ" ಎಂದರೆ ಅಲ್ಲೇ ಆಮೆನ್ ಅನ್ನಬೇಡಿ. ಮನೆಗೆ ಬಂದು ಬೈಬಲ್ ತೆರೆಯಿರಿ. ಬೆರೋಯ ಊರಿನವರು ಅಪೊಸ್ತಲನಾದ ಪೌಲನ ಬೋಧನೆಯನ್ನೇ ಪ್ರತಿದಿನ ಶಾಸ್ತ್ರಗ್ರಂಥದಲ್ಲಿ ಪರೀಕ್ಷಿಸಿ ನೋಡಿದರು. ಅಪೊಸ್ತಲರ ಕೃತ್ಯಗಳು 17:11ರಲ್ಲಿ ಅದಕ್ಕೆ ಸಿಕ್ಕಿರುವುದು ಹೊಗಳಿಕೆ, ಬೈಗುಳವಲ್ಲ.

ಮನಸ್ಸು ಒಪ್ಪದಿದ್ದರೆ ಮತ್ತಾಯ 18:15ರ ರೀತಿಯಲ್ಲಿ ಒಬ್ಬರೇ ಹೋಗಿ ಮಾತನಾಡಿ. ನಾನು ಹೋಗುವುದು ವಾರದ ನಡುವೆ, ಸಂಜೆ. ಭಾನುವಾರ ಚರ್ಚಿನ ಬಾಗಿಲಲ್ಲಿ ಅಡ್ಡಗಟ್ಟಿದರೆ ಯಾರ ಕಿವಿಗೂ ಏನೂ ಬೀಳುವುದಿಲ್ಲ. "ಅಯ್ಯನವರೇ, ಈ ಮಾತಿಗೆ ವಚನ ಎಲ್ಲಿದೆ?" ಎಂದಷ್ಟೇ ಕೇಳಿ. ಸಭೆಯ ಹಿರಿಯರು ದೊರೆತನ ಮಾಡಬಾರದೆಂದು ಯೇಸುವಿನ ಶಿಷ್ಯ ಪೇತ್ರನೇ ಬರೆದಿದ್ದಾನಲ್ಲ!

ಗುಟ್ಟಾಗಿ ಹಣ ಕೇಳಿದಾಗ ಮಾತ್ರ ಒಬ್ಬರೇ ಹೋಗಬೇಡಿ. ಖಜಾಂಚಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ರಸೀದಿ ಕೇಳಿ.