ಜಪಾನಿನಲ್ಲಿ ಅರವತ್ತು ದಾಟಿದವರನ್ನು ನೇಮಿಸಿ ವ್ಯವಹಾರ ಕುದುರಿಸಿದ ಬಗೆ

ಯಂತ್ರಗಳ ಕಂಪನ ಅಳೆಯುವ ಸೆನ್ಸರನ್ನು ಜಪಾನಿನ ಕಾರ್ಖಾನೆಗಳಿಗೆ ಮಾರಲು ಅರವತ್ತು ದಾಟಿದವರನ್ನು ವಾರಕ್ಕೆ ಮೂರು ದಿನ ಇಟ್ಟುಕೊಳ್ಳುತ್ತೇನೆ ಅಂದಾಗ ಈ ಕ್ಷೇತ್ರದವರು ಯಾರೂ ಒಪ್ಪಲಿಲ್ಲ. ಇಂಗ್ಲಿಷ್ ಬಲ್ಲ, ಮೂವತ್ತರ ಆಸುಪಾಸಿನ ಸೇಲ್ಸ್‌ನವರೇ ಬೇಕು ಅನ್ನುವುದು ಎಲ್ಲರ ಮಾತು. ಆ ದಾರಿಯಲ್ಲಿ ಮೊದಲು ನಾನೂ ಹೋಗಿದ್ದೆ, ಕೈಸುಟ್ಟುಕೊಂಡೆ. ಈಗಿನ ವಿಧಾನದಲ್ಲಿ ಎರಡೂವರೆ ವರ್ಷಕ್ಕೆ ಹನ್ನೊಂದು ಕಾರ್ಖಾನೆಗಳು ಸಿಕ್ಕಿವೆ, ಒಂದೂ ಬಿಟ್ಟುಹೋಗಿಲ್ಲ.

ಮೊದಲು ದುಡ್ಡು ಎಲ್ಲಿ ಸೋರಿತು ಅಂತ ಹೇಳುತ್ತೇನೆ. ಆಳು ಹುಡುಕಿಕೊಡುವ ಏಜೆಂಟ್ ಶುಲ್ಕ ವಾರ್ಷಿಕ ಸಂಬಳದ ಶೇ. 30ರಿಂದ 35. ಸಂಬಳ 75 ಲಕ್ಷ ಯೆನ್ ಇದ್ದರೆ ಶುಲ್ಕವೇ 26 ಲಕ್ಷದ ಹತ್ತಿರ, ಅದೂ ಆಳು ಕೆಲಸಕ್ಕೆ ಸೇರಿದ ಕೂಡಲೇ. ಬೇಗ ಬಿಟ್ಟುಹೋದರೆ ಒಂದು ಪಾಲು ವಾಪಸ್ ಕೊಡುವ ಷರತ್ತು ನನ್ನ ಕರಾರಿನಲ್ಲಿ ಮೂರು ತಿಂಗಳಿಗೇ ಮುಗಿಯುತ್ತಿತ್ತು. ಒಬ್ಬರು ಐದನೇ ತಿಂಗಳು, ಇನ್ನೊಬ್ಬರು ಏಳನೇ ತಿಂಗಳು ಹೊರಟರು. ಇಬ್ಬರಿಂದ 50 ಲಕ್ಷಕ್ಕೂ ಮೇಲೆ ಹೋಯಿತು, ಬಂದ ಆರ್ಡರ್ ಸೊನ್ನೆ. ತಪ್ಪು ಅವರದಲ್ಲ. ನಾವು ಪರೀಕ್ಷಿಸಿದ್ದು ಇಂಗ್ಲಿಷನ್ನು, ಕಾರ್ಖಾನೆಯ ನಿರ್ವಹಣಾ ವಿಭಾಗಕ್ಕೆ ಬೇಕಿದ್ದದ್ದು ಬೇರಿಂಗ್ ಸವೆದಾಗ ಹೇಗೆ ಕೂಗುತ್ತದೆ ಅಂತ ಗೊತ್ತಿರುವವರು.

ಜಪಾನಿನ ಹೆಚ್ಚಿನ ಕಂಪನಿಗಳಲ್ಲಿ ಇಂದಿಗೂ ನಿವೃತ್ತಿ ವಯಸ್ಸು 60. ಇಷ್ಟಪಟ್ಟವರಿಗೆ 65ರವರೆಗೆ ಕೆಲಸ ಕೊಡಬೇಕೆಂದು ಕಾನೂನಿದೆ, ಆದರೆ ಸಾಮಾನ್ಯವಾಗಿ ಅದು ವರ್ಷದ ಕರಾರಿನ ಮೇಲೆ, ಕಡಿಮೆ ಸಂಬಳಕ್ಕೆ. ಹುದ್ದೆಯೂ ಹೋಗುತ್ತದೆ. ಮೂವತ್ತೈದು ವರ್ಷ ಪಂಪು, ಗೇರ್‌ಬಾಕ್ಸ್ ನೋಡಿಕೊಂಡವರು ನಿನ್ನೆಯ ಕಿರಿಯನ ಕೈಕೆಳಗೆ ಕೂರಬೇಕು. ಅಂಥವರಲ್ಲಿ ಬೇರೆ ಕೆಲಸಕ್ಕೆ ಮನಸ್ಸಿರುವವರು ಇದ್ದೇ ಇರುತ್ತಾರೆ. ಸರ್ಕಾರದ ‘ಹಲೋ ವರ್ಕ್’ ಕಚೇರಿಯಲ್ಲಿ ಜಾಹೀರಾತು ಕೊಟ್ಟೂ ನೋಡಿದೆ, ಪುಕ್ಕಟೆ. ನಾಲ್ಕೈದು ಅರ್ಜಿ ಬಂದವು, ನಮ್ಮ ಕೆಲಸಕ್ಕೆ ಹೊಂದುವವರು ಇರಲಿಲ್ಲ. ಈಗ ಅವರನ್ನು ಎಲ್ಲಿ ಹುಡುಕುತ್ತೇನೆ ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಹೀಗಿದೆ. ವಾರಕ್ಕೆ ಮೂರು ದಿನ, 24 ಗಂಟೆ, ತಿಂಗಳಿಗೆ ಸುಮಾರು 2.4 ಲಕ್ಷ ಯೆನ್. ಪೂರ್ಣಾವಧಿಯವರ ಗಂಟೆಗಳ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇರುವುದರಿಂದ, ನಮ್ಮಂಥ ಸಣ್ಣ ಕಂಪನಿಗೆ ಆರೋಗ್ಯ ಮತ್ತು ಪಿಂಚಣಿ ವಿಮೆಯ ಹೊರೆ ಬರುವುದಿಲ್ಲ. ಬಂದರೆ ಮಾಲೀಕರ ಪಾಲೇ ಸಂಬಳದ ಶೇ. 15ರ ಆಸುಪಾಸು. ಆದರೆ 20 ಗಂಟೆ ದಾಟಿದ್ದರಿಂದ ಉದ್ಯೋಗ ವಿಮೆ ಕಟ್ಟಲೇಬೇಕು. ನಾನು ಅದನ್ನು ಮರೆತು ಹಿಂದಿನ ತಿಂಗಳುಗಳದ್ದನ್ನೂ ಸೇರಿಸಿ ಕಟ್ಟಿದೆ.

ಕೆಲಸದ ಷರತ್ತುಗಳ ಪತ್ರವನ್ನು ಜಪಾನಿ ಭಾಷೆಯಲ್ಲೇ ಕೊಡಿ. 2024ರ ಏಪ್ರಿಲ್‌ನಿಂದ ಅದರಲ್ಲಿ ಕೆಲಸದ ಜಾಗ ಮತ್ತು ಸ್ವರೂಪ ಮುಂದೆ ಎಷ್ಟರಮಟ್ಟಿಗೆ ಬದಲಾಗಬಹುದು ಅಂತಲೂ ಬರೆಯಬೇಕು. ಕರಾರು ನವೀಕರಣಕ್ಕೆ ಮಿತಿ ಇದ್ದರೆ ಅದನ್ನೂ ಕಾಣಿಸಬೇಕು. ವರ್ಷದ ಕರಾರುಗಳು ಒಟ್ಟು ಐದು ವರ್ಷ ದಾಟಿದರೆ ಕಾಯಂ ಮಾಡಿ ಅಂತ ಕೇಳುವ ಹಕ್ಕು ಅವರಿಗೆ ಬರುತ್ತದೆ, ನೀವು 61ನೇ ವಯಸ್ಸಿನಲ್ಲಿ ಹೊಸದಾಗಿ ತೆಗೆದುಕೊಂಡಿದ್ದರೂ ಸರಿ. ಪ್ರೊಬೇಷನ್ ಅಂದರೆ ಯಾವಾಗ ಬೇಕಾದರೂ ಕಳಿಸಬಹುದು ಅಂತ ತಿಳಿದವರು ಕೆಡುತ್ತಾರೆ: ಮೊದಲ 14 ದಿನ ದಾಟಿದ ಮೇಲೆ 30 ದಿನದ ನೋಟಿಸ್ ಅಥವಾ ಅಷ್ಟು ದಿನದ ಸಂಬಳ ಕೊಡಬೇಕು, ಮೇಲಾಗಿ ತಕ್ಕ ಕಾರಣವೂ ಬೇಕು.

ಸಂದರ್ಶನದಲ್ಲಿ ಕೊಡುವುದು ಒಂದೇ ಕೆಲಸ. ಖಾಲಿ ಹಾಳೆ, ಪೆನ್ಸಿಲ್ ಕೊಟ್ಟು ‘ನಿಮ್ಮ ಹಳೇ ಕಾರ್ಖಾನೆಯಂಥ ಕಡೆ ಹತ್ತು ಲಕ್ಷದ ಉಪಕರಣ ಕೊಳ್ಳಬೇಕಾದರೆ ಯಾರ ಮುದ್ರೆ ಆದಮೇಲೆ ಯಾರ ಮುದ್ರೆ ಬೀಳುತ್ತದೆ, ಚಿತ್ರ ಬರೆಯಿರಿ’ ಅನ್ನುತ್ತೇನೆ. ತಂತೋಶಾ (ಆ ಕೆಲಸ ನೋಡುವ ನೌಕರ), ಕಚೋ (ಅವರ ವಿಭಾಗದ ಮುಖ್ಯಸ್ಥ), ಬುಚೋ (ಕಚೋ ಮೇಲಿನ ಮುಖ್ಯಸ್ಥ) ಅಂತ ನೆಟ್ಟಗೆ ಮೇಲಕ್ಕೆ ಗೆರೆ ಎಳೆದು ನಿಲ್ಲಿಸಿದವರು ನನಗೆ ಬೇಡ. ಪಕ್ಕಕ್ಕೆ ಚುಕ್ಕೆಗೆರೆ ಎಳೆದು, ಸುರಕ್ಷತಾ ವಿಭಾಗ, ಐಟಿ, ಖರೀದಿ ಅಂತ ಗುರುತು ಹಾಕಿ, ‘ಇವರಿಗೆ ಮುದ್ರೆ ಇಲ್ಲ, ಆದರೆ ಇವರನ್ನು ಮೊದಲು ಕೇಳಬೇಕು’ ಅನ್ನುವವರು ಬೇಕು. ನೆಮವಾಶಿ, ಅಂದರೆ ತೀರ್ಮಾನಕ್ಕೆ ಮೊದಲೇ ಒಬ್ಬೊಬ್ಬರನ್ನೇ ಕಂಡು ಒಪ್ಪಿಸುವುದು, ಅಂತ ಕರೆಯುವ ಇಡೀ ಕಸುಬು ಆ ಚುಕ್ಕೆಗೆರೆಯಲ್ಲೇ ಇದೆ.

ಇನ್ನು ವ್ಯವಹಾರದ ಮಾತು. ಎರಡು ಕೈಯಲ್ಲಿ ವಿಸಿಟಿಂಗ್ ಕಾರ್ಡ್ ಕೊಡುವುದು ಎಲ್ಲರಿಗೂ ಗೊತ್ತು, ಬಿಡಿ. ಮೀಟಿಂಗ್‌ನಲ್ಲಿ ತೀರ್ಮಾನ ಆಗುವುದಿಲ್ಲ. ‘ಕೆಂತೋ ಶಿಮಸು’, ಅಂದರೆ ಪರಿಶೀಲಿಸುತ್ತೇವೆ, ಅಂದಷ್ಟಕ್ಕೆ ಮಾತು ನಿಂತರೆ ಬಹುಪಾಲು ಅದು ಇಲ್ಲ ಅಂತಲೇ. ಅದೇ ಮಾತಿನ ಹಿಂದೆಯೇ ‘ಕೇಬಲ್ ಉದ್ದ ಎಷ್ಟು?’ ಅಂತ ಕೇಳಿದರೆ ಜೀವ ಇದೆ. ನಮಗೆ ಕೆಲಸ ಮಾಡಿದ್ದು ಒಂದು ಎ4 ಹಾಳೆ. ತಂತೋಶಾ ತನ್ನ ಮೇಲಿನವರಿಗೆ ರಿಂಗಿಶೋ, ಅಂದರೆ ಅನುಮೋದನೆಯ ಟಿಪ್ಪಣಿ, ಬರೆಯಬೇಕಲ್ಲ, ಅದರ ಕರಡನ್ನು ನಾವೇ ಬರೆದುಕೊಡುತ್ತೇವೆ: ಉದ್ದೇಶ, ವೆಚ್ಚ, ಲಾಭ, ಬೇರೆ ಕಂಪನಿಗಳ ಜೊತೆ ಹೋಲಿಕೆ, ಉಪಕರಣ ಕೆಟ್ಟರೆ ಏನಾಗುತ್ತದೆ, ನಾವು ಮುಚ್ಚಿಹೋದರೆ ಏನಾಗುತ್ತದೆ. ಕೊನೆಯ ಎರಡನ್ನು ಬಿಟ್ಟಿದ್ದ ಮೊದಲ ಮೂರು ಟಿಪ್ಪಣಿಗಳು ಬುಚೋ ಮೇಜಿನಿಂದಲೇ ವಾಪಸಾದವು.

ಪ್ರಯೋಗದ ಬೆಲೆಯನ್ನು ಕಚೋ ಒಬ್ಬರೇ ಸಹಿ ಮಾಡಬಹುದಾದ ಮಿತಿಯ ಕೆಳಗೆ ಇಡಿ. ಮಿತಿ ಕಂಪನಿಯಿಂದ ಕಂಪನಿಗೆ ಬೇರೆ, ನಮ್ಮ ಹಿರಿಯರು ಅದನ್ನು ಊಟದ ಹೊತ್ತಿಗೆ ತಿಳಿದುಕೊಂಡಿರುತ್ತಾರೆ. ನನ್ನದು ಹೆಚ್ಚಾಗಿ 4.8 ಲಕ್ಷ ಯೆನ್. ದೊಡ್ಡ ಆರ್ಡರ್‌ನ ಕೊಟೇಶನ್‌ನಲ್ಲಿ ರಿಯಾಯಿತಿಯನ್ನು ಬೆಲೆಯೊಳಗೆ ಕರಗಿಸದೆ ‘ಶುಸ್ಸೇ ನೆಬಿಕಿ’ ಅಂತ ಕೊನೆಯಲ್ಲಿ ಪ್ರತ್ಯೇಕ ಸಾಲಿನಲ್ಲಿ ಕಾಣಿಸಿ. ಬೆಲೆ ಇಳಿಸಿಕೊಂಡೆ ಅಂತ ಖರೀದಿ ವಿಭಾಗದವರು ತೋರಿಸಲು ಆ ಸಾಲು ಬೇಕು. ಅಲ್ಲಿ ಎಷ್ಟು ಬಿಡುತ್ತೇನೆ ಅಂತ ಕೇಳಬೇಡಿ. ಹೆಚ್ಚಿನವರ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಹಾಗಾಗಿ ಮುಂದಿನ ವರ್ಷದ ಬಜೆಟ್ ಲೆಕ್ಕಕ್ಕೆ ಅಕ್ಟೋಬರ್ ಒಳಗೆ ಹಾಳೆ ಅವರ ಕೈಸೇರದಿದ್ದರೆ ಒಂದು ವರ್ಷ ಹೋಯಿತು ಅಂತಲೇ ತಿಳಿಯಿರಿ.

ದುಭಾಷಿಗೆ ದಿನಕ್ಕೆ ಸುಮಾರು 60 ಸಾವಿರ ಯೆನ್ ಆಗುತ್ತಿತ್ತು. ಉಳಿಸಲು ಫೋನಿನ ಅನುವಾದ ಆ್ಯಪ್ ಬಳಸಿ ನೋಡಿದೆ. ಜಪಾನಿಯಲ್ಲಿ ಕರ್ತೃಪದ ಬಿಟ್ಟೇ ಮಾತಾಡುತ್ತಾರೆ. ‘ಕೇಬಲ್ ಎಳೆಯುತ್ತೇವೆ’ ಅಂದದ್ದು ಅವರೋ ನಾವೋ ಅಂತ ಆ್ಯಪ್ ಊಹಿಸಿತು, ತಪ್ಪಾಗಿ. ಆ ಕೇಬಲ್ ಕೆಲಸಕ್ಕೆ 3 ಲಕ್ಷ ನಮ್ಮ ಕೈಯಿಂದ ಹೋಯಿತು. ಅಂದಿನಿಂದ ಏನು, ಯಾರು, ಯಾವಾಗ ಅಂತ ಮೂರೇ ಕಾಲಮ್ಮಿನ ಟಿಪ್ಪಣಿ ಅದೇ ಸಂಜೆ ಹೋಗುತ್ತದೆ.

ಕರಾರಿಗೆ ಕಾಗದದಲ್ಲಿ ಸಹಿ ಹಾಕಿದರೆ, ನಿರಂತರ ವಹಿವಾಟಿನ ಮೂಲ ಒಪ್ಪಂದಕ್ಕೆ 4,000 ಯೆನ್‌ನ ರೆವೆನ್ಯೂ ಸ್ಟ್ಯಾಂಪ್ ಅಂಟಿಸಬೇಕು. ಎಲೆಕ್ಟ್ರಾನಿಕ್ ಸಹಿಯಾದರೆ ಬೇಡ. ಇನ್‌ವಾಯ್ಸ್‌ನಲ್ಲಿ ‘ಟಿ’ ಅಕ್ಷರ ಮತ್ತು 13 ಅಂಕಿಗಳ ನೋಂದಣಿ ಸಂಖ್ಯೆ ಇರಲಿ. ಇಲ್ಲದಿದ್ದರೆ 2023ರ ಅಕ್ಟೋಬರ್‌ನಿಂದ ಕೊಂಡವರಿಗೆ ಬಳಕೆ ತೆರಿಗೆಯ ಪೂರ್ತಿ ಕಡಿತ ಸಿಗುವುದಿಲ್ಲ, ಖರೀದಿಯವರು ಅಲ್ಲೇ ಹಿಂಜರಿಯುತ್ತಾರೆ. ಹಣ ಬರುವುದು ಸಾಮಾನ್ಯವಾಗಿ ತಿಂಗಳ ಕೊನೆಗೆ ಲೆಕ್ಕ ಮುಚ್ಚಿ, ಮುಂದಿನ ತಿಂಗಳ ಕೊನೆಗೆ. ಆ ಲೆಕ್ಕ ಹೂಡುವುದು ಕೆನ್‌ಶೂ, ಅಂದರೆ ತಪಾಸಣೆ ಮುಗಿದು ಒಪ್ಪಿದ ದಿನದಿಂದ. ಅದು 30ರಂದು ಆದರೆ ಒಂದು ತಿಂಗಳು, 1ರಂದು ಆದರೆ ಎರಡು ತಿಂಗಳು. ಅದಕ್ಕೇ ಸೆನ್ಸರ್ ಜೋಡಣೆಯನ್ನು ನಾನು ತಿಂಗಳ 20ರ ನಂತರ ಇಟ್ಟುಕೊಳ್ಳುವುದಿಲ್ಲ.