ರೆಕಾರ್ಡ್ ಪ್ಲೇಯರ್ ಎಳೀತಾ ಇದೆಯೇ? ಮೊದಲು ಮೋಟಾರಿನ ಹಳೇ ಎಣ್ಣೆ ತೆಗೆಯಿರಿ

ಅಟ್ಟದ ಮೇಲಿದ್ದ ರೆಕಾರ್ಡ್ ಪ್ಲೇಯರ್ ಇಳಿಸಿ ಹಾಕುತ್ತೀರಿ. ಭೀಮಸೇನ ಜೋಶಿಯವರ ದನಿ ಎಳೆದೆಳೆದು ಬರುತ್ತದೆ, ಶ್ರುತಿ ಇಳಿದಿರುತ್ತದೆ. ಮೋಟಾರ್ ಸುಟ್ಟಿದೆ ಅಂತ ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಒಳಗಿನ ಎಣ್ಣೆ ಗಟ್ಟಿಯಾಗಿ ಅಂಟಾಗಿರುತ್ತದೆ, ಅಷ್ಟೇ. ಅದರ ಮೇಲೇ ಹೊಸ ಎಣ್ಣೆ ಬಿಟ್ಟರೆ ಸ್ವಲ್ಪ ದಿನ ಓಡಿ ಮತ್ತೆ ಎಳೆಯುತ್ತದೆ.

ಇಲ್ಲಿ ಹೇಳುತ್ತಿರುವುದು ಗ್ಯಾರಾರ್ಡ್‌ನಂಥ ಹಳೆಯ ಪ್ಲೇಯರ್‌ಗಳ ಬಗ್ಗೆ, ಅಂದರೆ ಮೋಟಾರ್ ಒಂದು ರಬ್ಬರ್ ಚಕ್ರವನ್ನು ತಿರುಗಿಸಿ, ಆ ಚಕ್ರ ತಟ್ಟೆಯನ್ನು ತಿರುಗಿಸುವಂಥವು. ಟೆಕ್ನಿಕ್ಸ್ ಎಸ್ಎಲ್-1200 ತರಹದ್ದು, ಅಂದರೆ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವಂಥದ್ದಾದರೆ ಮೋಟಾರ್ ಬಿಚ್ಚಲೇಬೇಡಿ. ಅದಕ್ಕೆ 2000 ಗಂಟೆ ಓಡಿದ ಮೇಲೆ ತಟ್ಟೆಯ ನಡುವಿನ ಸ್ಪಿಂಡಲ್‌ಗೆ ಎರಡು-ಮೂರು ಹನಿ ಸಾಕು.

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮುಳ್ಳಿನ ತೋಳನ್ನು ಕಟ್ಟಿ, ತಟ್ಟೆ ಎತ್ತಿಡಿ. ವೈರ್‌ಗಳ ಫೋಟೋ ತೆಗೆದುಕೊಂಡು ಮೋಟಾರ್ ಇಳಿಸಿ. ಬಿಚ್ಚುವ ಮೊದಲು ಕವಚದ ಎರಡೂ ಭಾಗಕ್ಕೆ ಸೇರುವಂತೆ ಪೆನ್ಸಿಲ್ ಗೆರೆ ಎಳೆಯಿರಿ, ಕೂಡಿಸುವಾಗ ಅದೇ ದಾರಿ ತೋರಿಸುತ್ತದೆ. ರೋಟರ್ (ಮೋಟಾರಿನೊಳಗೆ ತಿರುಗುವ ಭಾಗ) ಹೊರಗೆಳೆಯುವಾಗ ಕೆಳಗೊಂದು ಬಟ್ಟಲು ಇರಲಿ, ಕೆಲವು ಮೋಟಾರುಗಳ ತಳದಲ್ಲಿ ಪುಟ್ಟ ಉಕ್ಕಿನ ಗುಂಡು ಇರುತ್ತದೆ, ಅದು ಉರುಳಿ ಹೋದರೆ ಹುಡುಕುವುದು ಬಲು ಕಷ್ಟ.

ರೋಟರ್ ನಡುವಿನ ಕಡ್ಡಿ, ಅಂದರೆ ಶಾಫ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಕಪ್ಪು ಬಿಡುವುದು ನಿಲ್ಲುವ ತನಕ ಒರೆಸಿ. ಶಾಫ್ಟ್ ಕೂರುವ ಬಳೆಯಂಥ ಬುಷ್ ಒಳಗೆ ಕಿವಿಗೆ ಹಾಕುವ ಬಡ್ ಸಾಕು. ಉಪ್ಪು ಕಾಗದ ಮಾತ್ರ ಮುಟ್ಟಿಸಬೇಡಿ. ಈ ಬುಷ್‌ಗಳು ಸಾಮಾನ್ಯವಾಗಿ ಕಂಚಿನ ಪುಡಿ ಒತ್ತಿ ಮಾಡಿದವು, ಮೈತುಂಬಾ ಕಣ್ಣಿಗೆ ಕಾಣದ ತೂತು, ಅದರಲ್ಲೇ ಎಣ್ಣೆ ಹೀರಿಟ್ಟುಕೊಂಡಿರುತ್ತವೆ. ಸುತ್ತ ಇರುವ ಫೆಲ್ಟ್ ಬಟ್ಟೆ ಆ ಎಣ್ಣೆಯನ್ನು ನಿಧಾನವಾಗಿ ಉಣಿಸುತ್ತದೆ. ಹಾಗಾಗಿ ಫೆಲ್ಟ್ ಪೂರ್ತಿ ನೆನೆಯುವ ತನಕ ಹನಿ ಹನಿಯಾಗಿ ಹಾಕಿ, ಅದು ಹೀರಿಕೊಳ್ಳಲು ಒಂದು ರಾತ್ರಿ ಬಿಡಿ. ಅವಸರ ಬೇಡ. ಈ ಕೆಲಸದಲ್ಲಿ ತಾಳ್ಮೆ ಬೇಕಾದ ಜಾಗ ಇದೇ.

ಯಾವ ಎಣ್ಣೆ? ಡಿಟರ್ಜೆಂಟ್ ಸೇರಿಸದ ಎಸ್ಎಇ 20 (ಇದು ಎಣ್ಣೆಯ ಮಂದತನದ ಅಳತೆ) ಒಳ್ಳೆಯದು. ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ನಡೆಯುತ್ತದೆ, ಆದರೆ ಅದು ತೆಳು, ಬೇಗ ಮತ್ತೆ ಹಾಕಬೇಕಾಗುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಅದು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಕೂಡಿಸುವಾಗ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ, ಎದುರುಬದುರಾಗಿ ಬಿಗಿ ಮಾಡಿ. ಶಾಫ್ಟನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ತಾನಾಗಿ ಸುತ್ತಿ ನಿಧಾನಕ್ಕೆ ನಿಲ್ಲಬೇಕು. ತಟ್ಟನೆ ನಿಂತರೆ ಬುಷ್ ಓರೆಯಾಗಿದೆ ಅಂತ ಅರ್ಥ. ಸ್ಕ್ರೂ ಸಡಿಲಿಸಿ, ಕವಚಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ನೋಡಿ. ಕೊನೆಗೆ ಮೋಟಾರಿನ ಪುಲ್ಲಿ, ರಬ್ಬರ್ ಚಕ್ರ, ತಟ್ಟೆಯ ಒಳ ಅಂಚು ಮೂರನ್ನೂ ಒರೆಸಿ. ಅಲ್ಲಿ ಒಂದು ಹನಿ ಎಣ್ಣೆ ಇದ್ದರೂ ಚಕ್ರ ಜಾರುತ್ತದೆ.

ಅರ್ಧ ಗಂಟೆ ಓಡಿಸಿ ವೇಗ ನೋಡಿ. ಸುತ್ತಲೂ 180 ಗೆರೆಗಳಿರುವ, ವೇಗ ನೋಡುವ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು ಹಳೇ ಕಾಲದ ಬಲ್ಬ್ ಅಥವಾ ನಿಯಾನ್ ದೀಪದ ಕೆಳಗೆ ನೋಡಿದರೆ, ನಿಮಿಷಕ್ಕೆ 33⅓ ಸುತ್ತು ಸರಿಯಿದ್ದಾಗ ಗೆರೆಗಳು ನಿಂತಂತೆ ಕಾಣುತ್ತವೆ. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಈ ಲೆಕ್ಕ. ಎಷ್ಟೋ ಎಲ್ಇಡಿ ದೀಪಗಳಲ್ಲಿ ಇದು ಸರಿಯಾಗಿ ಕಾಣುವುದಿಲ್ಲ.

ನೆಂಟರು ಅಮೆರಿಕದಿಂದ ತಂದುಕೊಟ್ಟ ಹಳೇ ಪ್ಲೇಯರ್ ಆಗಿದ್ದರೆ ಇನ್ನೊಂದು ವಿಷಯ. ಅದರ ಮೋಟಾರ್ 60 ಹರ್ಟ್ಜ್‌ನದು, ಇಲ್ಲಿ 33⅓ರ ಬದಲು ಸುಮಾರು 28 ಸುತ್ತು ಬರುತ್ತದೆ. ಅದಕ್ಕೆ ಎಷ್ಟು ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ. 50 ಹರ್ಟ್ಜ್ ಪುಲ್ಲಿ ಹಾಕಿಸಬೇಕು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಕೂಡ ಬೇಕು.