ಯಕೃತ್ತಿನೊಳಗಿನ ಅಂಜೂರ: ಲ್ಯಾಟಿನ್ ಬೇರು ಹಿಡಿಯುವ ಬಗೆ

ಪದದ ಮೂಲ ಹುಡುಕುವವರು ಮೊದಲೇ ನಿಘಂಟು ತೆರೆಯಬೇಡಿ. ಅದರ ಅಕ್ಕತಂಗಿಯರನ್ನೆಲ್ಲ, ಅಂದರೆ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳಲ್ಲಿ ಅದು ತಳೆದ ರೂಪಗಳನ್ನೆಲ್ಲ, ಒಂದು ಹಾಳೆಯ ಮೇಲೆ ಸಾಲಾಗಿ ಬರೆದುಕೊಳ್ಳಿ. ನನಗೆ ತೀರಾ ಇಷ್ಟವಾದ ಸಾಲು ಯಕೃತ್ತಿನದು: ಇಟಾಲಿಯನ್ ಫೆಗತೊ, ಸ್ಪ್ಯಾನಿಷ್ ಈಗದೊ, ಪೋರ್ಚುಗೀಸ್ ಫೀಗದು, ಫ್ರೆಂಚ್ ಫ್ವಾ, ರೊಮೇನಿಯನ್ ಫಿಕಾತ್.

ಈಗ ಧ್ವನಿಗಳನ್ನು ಒಂದೊಂದಾಗಿ ನೋಡಿ. ಸ್ಪ್ಯಾನಿಷ್‌ನಲ್ಲಿ ಮಾತ್ರ ‘ಫ’ ಇಲ್ಲ. ಅದು ಆ ಭಾಷೆಯ ರೂಢಿ. ಲ್ಯಾಟಿನ್ನಿನ ‘ಫರೀನಾ’ (ಹಿಟ್ಟು) ಅಲ್ಲಿ ‘ಅರೀನಾ’ ಆಗಿದೆ. ಬರೆಯುವಾಗ ಎಚ್ ಉಳಿದಿದೆ, ಉಚ್ಚಾರದಲ್ಲಿ ಇಲ್ಲ. ಸ್ವರಗಳ ನಡುವಿನ ‘ಕ’ ಅಲ್ಲಿ ‘ಗ’ ಆಗುತ್ತದೆ, ‘ಅಮೀಕುಸ್’ ‘ಅಮೀಗೊ’ ಆದ ಹಾಗೆ. ‘ತ’ ‘ದ’ ಆಗುತ್ತದೆ, ‘ವೀತಾ’ ‘ವೀದಾ’ ಆದ ಹಾಗೆ. ಫ್ರೆಂಚ್ ಇವೆರಡನ್ನೂ ನುಂಗಿಬಿಟ್ಟಿದೆ. ರೊಮೇನಿಯನ್ ಎರಡನ್ನೂ ಉಳಿಸಿಕೊಂಡಿದೆ. ಹಾಗಾಗಿ ಇಂಥ ಕಡೆ ನಾನು ಮೊದಲು ಅದನ್ನೇ ನೋಡುತ್ತೇನೆ. ಹಿಂದಕ್ಕೆ ನಡೆದರೆ ಸಿಗುವುದು ‘ಫಿಕಾತುಮ್’.

ನಿಘಂಟು ತೆರೆಯುವ ಹೊತ್ತು ಇದು. ಅಲ್ಲೊಂದು ಅಚ್ಚರಿ: ಲ್ಯಾಟಿನ್ನಿನಲ್ಲಿ ಯಕೃತ್ತಿಗೆ ಇದ್ದ ಪದ ‘ಯೆಕುರ್’, ನಮ್ಮ ‘ಯಕೃತ್’ನ ಒಡಹುಟ್ಟು. ‘ಫೀಕುಸ್’ ಎಂದರೆ ಅಂಜೂರ. ‘ಯೆಕುರ್ ಫಿಕಾತುಮ್’ ಎಂದರೆ ಅಂಜೂರ ತಿನ್ನಿಸಿ ಕೊಬ್ಬಿಸಿದ ಪ್ರಾಣಿಯ ಯಕೃತ್ತು. ಹೆಬ್ಬಾತುಗಳಂತೆ ಹೆಣ್ಣುಹಂದಿಗಳಿಗೂ ಒಣ ಅಂಜೂರ ತಿನ್ನಿಸುವ ಉಪಾಯ ರೋಮಿನ ಭೋಜನಪ್ರಿಯ ಅಪೀಕಿಯುಸ್‌ನದು ಎಂದು 1ನೇ ಶತಮಾನದ ರೋಮನ್ ಲೇಖಕ ಪ್ಲೀನಿ ಬರೆದಿದ್ದಾನೆ. ಬಾಣಸಿಗರ ಮಾತು ಜನರ ಮಾತಾಯಿತು. ‘ಯೆಕುರ್’ ಬಿದ್ದುಹೋಯಿತು, ವಿಶೇಷಣವೇ ಹೆಸರಾಯಿತು. ಗ್ರೀಕರಲ್ಲೂ ಹೀಗೇ: ಅವರ ಅಂಜೂರ ‘ಸೀಕೊ’, ಯಕೃತ್ತು ‘ಸಿಕೋತಿ’. ಅರ್ಥ ಹೀಗೆ ತಿರುಗಿದ್ದು ಏಕೆಂದು ತಿಳಿಯುವವರೆಗೆ ಹುಡುಕಾಟ ಮುಗಿಯಿತು ಎನ್ನಬೇಡಿ.

ಉಚ್ಚಾರದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನೂ ಗಮನಿಸಿ. ರೊಮೇನಿಯನ್ನಿನಲ್ಲಿ ಅದು ‘ಕಾ’ ಮೇಲೆ, ಇಟಾಲಿಯನ್, ಸ್ಪ್ಯಾನಿಷ್‌ಗಳಲ್ಲಿ ಮೊದಲ ಅಕ್ಷರದ ಮೇಲೆ. ಅಂದರೆ ಆಡುಮಾತಿನಲ್ಲಿ ಒಂದಕ್ಕಿಂತ ಹೆಚ್ಚು ರೂಪಗಳಿದ್ದವು. ನಿಘಂಟಿನಲ್ಲಿ ಪದದ ಆರಂಭದಲ್ಲಿ ನಕ್ಷತ್ರ ಚಿಹ್ನೆ (*) ಕಂಡರೆ ಅದು ಬರಹದಲ್ಲಿ ಸಿಕ್ಕಿದ್ದಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು.

ಬರೀ ಹೋಲಿಕೆಯನ್ನು ನಂಬಬೇಡಿ. ಸ್ಪ್ಯಾನಿಷ್ ‘ಮೂಚೊ’ಗೂ ಇಂಗ್ಲಿಷ್ ‘ಮಚ್’ಗೂ ಅರ್ಥ ಒಂದೇ, ನಂಟಿಲ್ಲ, ಮೊದಲನೆಯದು ಲ್ಯಾಟಿನ್ ‘ಮುಲ್ತುಮ್’ನಿಂದ ಬಂದದ್ದು.

ಕೈ ಪಳಗಲು ಚೀಸ್‌ನ ಸಾಲು ಹಿಡಿಯಿರಿ: ಫ್ರೆಂಚ್ ಫ್ರೊಮಾಜ್, ಇಟಾಲಿಯನ್ ಫೊರ್ಮಾಜೊ, ಸ್ಪ್ಯಾನಿಷ್ ಕೇಸೊ, ಪೋರ್ಚುಗೀಸ್ ಕೇಯ್ಜು. ಇದರಲ್ಲಿ ಎರಡು ಬೇರುಗಳಿವೆ.